ಮಗುವಿನ ಜೊತೆ ಬೇಸಿಗೆಯ ಬೇಸ್‌ಬಾಲ್: ಬೇ ಏರಿಯಾದ ಕನ್ನಡದ ಅಪ್ಪ ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಜೂನ್ ಬಂತೆಂದರೆ ಬೇ ಏರಿಯಾದಲ್ಲಿ ಶಾಲೆಗೆ ರಜೆ. ಸಂಜೆ ಎಂಟೂವರೆವರೆಗೆ ಬೆಳಕಿರುತ್ತದೆ, ಮಳೆಯ ಸುಳಿವೇ ಇರುವುದಿಲ್ಲ. ಮಕ್ಕಳು ಮನೆಯಲ್ಲಿ ಐಪ್ಯಾಡ್ ಹಿಡಿದು ಕೂತಿರುತ್ತಾರೆ. ಇದೇ ಹೊತ್ತಿಗೆ ಬೇಸ್‌ಬಾಲ್ ಸೀಸನ್ ಭರಾಟೆಯಲ್ಲಿರುತ್ತದೆ. ಮೇಜರ್ ಲೀಗಿನ ಒಂದೊಂದು ತಂಡವೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರು ಮೈದಾನದಲ್ಲಿ. ಹಾಗಾಗಿ ಒಂದು ಪಂದ್ಯ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಳೆ ಇನ್ನೊಂದು ಇರುತ್ತದೆ.

ಕ್ರಿಕೆಟ್ ನೋಡಿ ಬೆಳೆದು, ಬೇಸ್‌ಬಾಲ್ ಅಂದರೆ ‘ಅದೇನೋ ಲಗೋರಿ ಥರ’ ಅಂದುಕೊಂಡಿರುವ, ಮನೆಯಲ್ಲಿ ನಾಲ್ಕರಿಂದ ಹನ್ನೊಂದು ವರ್ಷದ ಮಗು ಇರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆದಿದ್ದೇನೆ. ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಇಡೀ ಪಂದ್ಯ ನೋಡಿಸುವ ಹಟ ಬೇಡ. ಮಗುವಿಗೆ ಬೇಜಾರಾಗುವ ಮೊದಲೇ ಎದ್ದು ಬನ್ನಿ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಕೊನೆಯವರೆಗೂ ಕೂರಿಸಿದರೆ, ಮುಂದಿನ ಸಲ ಕರೆದಾಗ ಅದು ಸೋಫಾ ಬಿಟ್ಟು ಏಳುವುದಿಲ್ಲ.

1. ಶುರು ಮಾಡುವುದು ಚಿಕ್ಕ ಮೈದಾನದಿಂದ

ಎಲ್ಲರೂ ಮೊದಲ ಸಲವೇ ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕಿಗೆ ಹೋಗುತ್ತಾರೆ. ನಾನಾದರೆ ಸ್ಯಾನ್ ಹೋಸೆಯ ಎಕ್ಸೈಟ್ ಬಾಲ್‌ಪಾರ್ಕ್ ಕಡೆ ಕಳಿಸುತ್ತೇನೆ. 1942ರಲ್ಲಿ ಶುರುವಾದ ಹಳೇ ಮೈದಾನ ಅದು. ಹಿಡಿಸುವುದು ನಾಲ್ಕು ಸಾವಿರ ಚಿಲ್ಲರೆ ಜನ. ಇಲ್ಲಿ ಆಡುವ ಸ್ಯಾನ್ ಹೋಸೆ ಜೈಂಟ್ಸ್, ಒರಾಕಲ್ ಪಾರ್ಕಿನಲ್ಲಿ ಆಡುವ ದೊಡ್ಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡಕ್ಕೆ ಆಟಗಾರರನ್ನು ಬೆಳೆಸಿ ಕಳಿಸುವ ಕೆಳಹಂತದ ತಂಡ. ಬಸ್ಟರ್ ಪೋಸಿ, ಮ್ಯಾಡಿಸನ್ ಬಮ್‌ಗಾರ್ನರ್ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಮೊದಲು ಇಲ್ಲಿ ಆಡಿದವರೇ.

ಮಗುವಿಗೆ ಇದು ಯಾಕೆ ಒಳ್ಳೆಯದು ಅಂದರೆ, ಎಲ್ಲವೂ ಹತ್ತಿರ. ಪಿಚರ್ (ನಮ್ಮ ಬೌಲರ್ ಥರ) ಎಸೆದ ಚೆಂಡು ಕ್ಯಾಚರ್ (ವಿಕೆಟ್‌ಕೀಪರ್ ಥರ) ಗ್ಲೌಸಿಗೆ ಬಡಿಯುವ ‘ಪಟ್’ ಸದ್ದು ಸೀಟಿಗೇ ಕೇಳುತ್ತದೆ. ಆಟಗಾರರು ಇಪ್ಪತ್ತರ ಆಸುಪಾಸಿನ ಹುಡುಗರು. ಪಂದ್ಯಕ್ಕೆ ಮೊದಲು ಬೇಲಿ ಹತ್ತಿರ ಮಗು ಚೆಂಡು ಪೆನ್ನು ಹಿಡಿದು ನಿಂತರೆ ಸಾಮಾನ್ಯವಾಗಿ ಸಹಿ ಹಾಕಿಕೊಡುತ್ತಾರೆ. ಇನಿಂಗ್ಸ್ ನಡುವೆ ಮಕ್ಕಳಿಗೆ ಏನಾದರೊಂದು ತಮಾಷೆ ಆಟ ಇದ್ದೇ ಇರುತ್ತದೆ. ಈ ಹಂತದ ಲೀಗುಗಳಲ್ಲಿ ಸರಣಿ ಮಂಗಳವಾರದಿಂದ ಭಾನುವಾರದವರೆಗೆ, ಸೋಮವಾರ ರಜೆ. ಭಾನುವಾರದ ಪಂದ್ಯ ಮುಗಿದ ಮೇಲೆ ಮಕ್ಕಳನ್ನು ಮೈದಾನಕ್ಕಿಳಿಸಿ ಬೇಸ್, ಅಂದರೆ ನಾಲ್ಕು ಮೂಲೆಯ ಗುರುತುಗಳ ಸುತ್ತ ಓಡಲು ಬಿಡುವ ರೂಢಿ ಬಹಳ ಕಡೆ ಇದೆ. ಯಾವ ಭಾನುವಾರ ಅಂತ ತಂಡದ ವೆಬ್‌ಸೈಟಿನಲ್ಲಿ ನೋಡಿಕೊಂಡು ಅದನ್ನೇ ಆರಿಸಿ. ಆಟ ಅರ್ಥವಾಗದ ನಾಲ್ಕು ವರ್ಷದ ಮಗುವೂ ಓಡುವುದನ್ನು ಮರೆಯುವುದಿಲ್ಲ.

ಪಟಾಕಿ ಹೊಡೆಯುವ ರಾತ್ರಿಗಳೂ ಇರುತ್ತವೆ. ಆರು ವರ್ಷದೊಳಗಿನವರಿಗೆ ನನಗೇನೋ ಅದು ಬೇಡ ಅನ್ನಿಸುತ್ತದೆ. ಪಟಾಕಿ ಶುರುವಾಗುವುದೇ ಪಂದ್ಯ ಮುಗಿದ ಮೇಲೆ. ಆ ಹೊತ್ತಿಗೆ ಮಗು ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ, ಇಲ್ಲವೇ ಸದ್ದಿಗೆ ಬೆಚ್ಚಿ ಅಳುತ್ತದೆ.

2. ಆಟದ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು

ಹೋಗುವ ಹಿಂದಿನ ದಿನ ಹತ್ತು ನಿಮಿಷ ಕೂತು ಹೇಳಿಕೊಡಿ. ಎರಡೂ ತಂಡಕ್ಕೆ ಒಂಬತ್ತೊಂಬತ್ತು ಇನಿಂಗ್ಸ್. ಒಂದೊಂದರಲ್ಲೂ ಮೂರು ಔಟ್ ಆದರೆ ಸರದಿ ಬದಲು. ಬ್ಯಾಟರ್ ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯುವಂತೆ ಬಂದ ಚೆಂಡನ್ನು ಬಿಟ್ಟರೆ ಅದು ‘ಸ್ಟ್ರೈಕ್’; ಆಚೀಚೆ ಹೋದ ಚೆಂಡನ್ನು ಬೀಸದೆ ಬಿಟ್ಟರೆ ‘ಬಾಲ್’. ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಪುಕ್ಕಟೆ ಮೊದಲ ಬೇಸ್. ನಾಲ್ಕು ಮೂಲೆ ಸುತ್ತಿ ಮನೆಗೆ, ಅಂದರೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೆ ಬಂದರೆ ಒಂದು ರನ್. ಮೊದಲ ದಿನಕ್ಕೆ ಇಷ್ಟೇ. ಫೋರ್ಸ್ ಔಟ್, ಟ್ಯಾಗ್, ಇನ್‌ಫೀಲ್ಡ್ ಫ್ಲೈ ಅಂತ ಶುರು ಮಾಡಿದರೆ ನಿಮಗೇ ಗೊಂದಲವಾಗುತ್ತದೆ.

ನಿಮಗೆ ಕಷ್ಟವಾಗುವುದು ಬೇರೆ ಕಡೆ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಹಿಂದಕ್ಕೂ ಹೊಡೆಯಬಹುದು. ಇಲ್ಲಿ ಎರಡು ಬಿಳಿ ಗೆರೆಗಳ ಆಚೆ ಹೋದರೆ ಫೌಲ್. ಮೊದಲ ಎರಡು ಸ್ಟ್ರೈಕ್‌ವರೆಗೆ ಫೌಲ್ ಕೂಡ ಸ್ಟ್ರೈಕ್ ಲೆಕ್ಕ, ಆಮೇಲೆ ಲೆಕ್ಕಕ್ಕಿಲ್ಲ. ಕ್ರಿಕೆಟ್ಟಿನಲ್ಲಿ ಹೊಡೆದು ಸುಮ್ನೆ ನಿಲ್ಲಬಹುದು. ಇಲ್ಲಿ ಚೆಂಡು ಗೆರೆಯೊಳಗೆ ಬಿದ್ದರೆ ಓಡಲೇಬೇಕು. ಇನ್ನು ಎರಡೂ ತಂಡ ಸೇರಿ ಒಂಬತ್ತು ರನ್ ಆದರೆ ಅದು ಒಳ್ಳೆಯ ಸ್ಕೋರ್. “ಅಪ್ಪಾ, ಇಷ್ಟು ಹೊತ್ತು ಆಡಿ ಒಂಬತ್ತೇ ರನ್ನಾ?” ಅಂತ ಕೇಳಿದರೆ ಸಾಕರ್ ನೆನಪಿಸಿ. ಸುಮ್ಮನಾಗುತ್ತದೆ.

ಪಂದ್ಯ ಮೊದಲಿನಷ್ಟು ಉದ್ದವೂ ಇಲ್ಲ. 2023ರಲ್ಲಿ ಪಿಚರ್‌ಗೆ ಗಡಿಯಾರ ಕಟ್ಟಿದರು. ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕು. ಸರಾಸರಿ ಮೂರು ಗಂಟೆ ದಾಟುತ್ತಿದ್ದ ಪಂದ್ಯ ಅದೇ ವರ್ಷ ಎರಡು ಗಂಟೆ 40 ನಿಮಿಷಕ್ಕಿಳಿಯಿತು. ಅಂಕಿ ಓದಲು ಬರುವ ಮಗುವಿಗೆ ಆ ಗಡಿಯಾರ ತೋರಿಸಿ. ತಾನೇ ಜೋರಾಗಿ ಎಣಿಸಲು ಶುರು ಮಾಡುತ್ತದೆ. 2026ರಿಂದ ಮೇಜರ್ ಲೀಗಿನಲ್ಲಿ ಸ್ಟ್ರೈಕ್ ಹೌದೋ ಅಲ್ಲವೋ ಅಂತ ಅಂಪೈರ್ ತೀರ್ಪನ್ನು ಪ್ರಶ್ನಿಸುವ ಅವಕಾಶವೂ ಬಂದಿದೆ. ಬ್ಯಾಟರ್, ಪಿಚರ್, ಕ್ಯಾಚರ್ ಇವರಲ್ಲಿ ಯಾರಾದರೂ ತಲೆ ತಟ್ಟಿದರೆ ಕ್ಯಾಮೆರಾ ಲೆಕ್ಕ ಪರದೆಗೆ ಬರುತ್ತದೆ. ಡಿಆರ್‌ಎಸ್ ಗೊತ್ತಿರುವ ಮನೆಯವರಿಗೆ ವಿವರಿಸುವುದೇ ಬೇಡ.

ಕ್ರಿಕೆಟ್ ಮನೆಯ ಮಕ್ಕಳು ಕಣ್ಣರಳಿಸುವುದು ಮಾತ್ರ ಇನ್ನೊಂದಕ್ಕೆ. ಸಿಕ್ಸರ್ ಹೋದ ಚೆಂಡನ್ನು ನಮ್ಮಲ್ಲಿ ವಾಪಸ್ ಎಸೆಯಬೇಕು. ಇಲ್ಲಿ ಗ್ಯಾಲರಿಗೆ ಬಂದ ಚೆಂಡು ಹಿಡಿದವರದ್ದೇ! ಕೈಗೆ ಸಿಕ್ಕರೆ ತಿರುಗಿಸಿ ನೋಡಿ. ಕೆಂಪು ದಾರದ 108 ಜೋಡಿ ಹೊಲಿಗೆ, ಕ್ರಿಕೆಟ್ ಚೆಂಡಿಗಿಂತ ಒಂದು ಚೂರು ಹಗುರ. ನಮ್ಮ ಚೆಂಡಿನ ಹೊಲಿಗೆ ನಡುವೆ ಸುತ್ತಿ ಬರುತ್ತದೆ, ಇದರದ್ದು ಹಾವಿನಂತೆ ಬಳುಕಿ ಚೆಂಡಿನ ತುಂಬ ಹರಿದಾಡುತ್ತದೆ.

3. ಸೀಟು ಆರಿಸುವುದು: ಬಲೆ, ನೆರಳು, ದಾರಿ

ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಮೊದಲನೆಯದು ಬಲೆ. ಫೌಲ್ ಆದ ಚೆಂಡು ಗಂಟೆಗೆ 150 ಕಿಲೋಮೀಟರ್ ಮೀರಿದ ವೇಗದಲ್ಲೂ ಗ್ಯಾಲರಿಗೆ ನುಗ್ಗಬಹುದು. 2020ರ ಹೊತ್ತಿಗೆ ಮೇಜರ್ ಲೀಗಿನ ಎಲ್ಲ 30 ಮೈದಾನಗಳಲ್ಲೂ ಬಲೆಯನ್ನು ಉದ್ದ ಮಾಡಿದ್ದಾರೆ. ಆದರೂ ಅದು ಎಲ್ಲ ಕಡೆ ಇಲ್ಲ. ಚಿಕ್ಕ ಮಕ್ಕಳಿದ್ದರೆ ಬಲೆಯ ಹಿಂದೆ ಕೂರಿ, ಇಲ್ಲವೇ ತುಂಬ ಮೇಲೆ. ಬಲೆಯಿಲ್ಲದ ಕಡೆ ಕೂತರೆ ಪಿಚರ್ ಕೈ ಎತ್ತಿದಾಗ ಫೋನ್ ಕೆಳಗಿಡಿ. ಇದರಲ್ಲಿ ರಾಜಿ ಬೇಡ.

ಎರಡನೆಯದು ನೆರಳು. ಹೋಮ್ ಪ್ಲೇಟಿನಿಂದ ಪಿಚರ್ ಕಡೆಗೆ ಎಳೆದ ಗೆರೆ ಪೂರ್ವ-ಈಶಾನ್ಯಕ್ಕೆ ಇದ್ದರೆ ಒಳ್ಳೆಯದು ಅಂತ ನಿಯಮಪುಸ್ತಕವೇ ಹೇಳುತ್ತದೆ. ಸಂಜೆ ಬಿಸಿಲು ಬ್ಯಾಟರ್ ಕಣ್ಣಿಗೆ ಹೊಡೆಯಬಾರದಲ್ಲ, ಅದಕ್ಕೆ. ಹಾಗೆ ಕಟ್ಟಿದ ಮೈದಾನದಲ್ಲಿ ಮಧ್ಯಾಹ್ನದ ಮೇಲೆ ಹೋಮ್ ಪ್ಲೇಟಿನ ಹಿಂದೆ ಮತ್ತು ಮೂರನೇ ಬೇಸ್ ಕಡೆ ಮೊದಲು ನೆರಳಾಗುತ್ತದೆ. ಬಲಗಡೆ ಮತ್ತು ಔಟ್‌ಫೀಲ್ಡ್ ಕಡೆಯವರು ಬಿಸಿಲಲ್ಲಿ ಬೇಯುತ್ತಾರೆ. ಎಲ್ಲ ಮೈದಾನವೂ ಹೀಗೇ ಇಲ್ಲ. ಟಿಕೆಟ್ ಕೊಳ್ಳುವ ಮೊದಲು ಗೂಗಲ್ ಮ್ಯಾಪ್ ತೆಗೆದು ದಿಕ್ಕು ನೋಡಿಕೊಳ್ಳಿ.

ಮೂರನೆಯದು ಓಡಾಡುವ ದಾರಿ. ಸಾಲಿನ ತುದಿಯ ಸೀಟು ತೆಗೆದುಕೊಳ್ಳಿ. ಮಗು ಬಾತ್‌ರೂಮಿಗೆ ಏಳುವುದು ಯಾವಾಗಲೂ ಆಟ ರಂಗೇರಿದಾಗಲೇ.

ಬೆಲೆ ಎದುರಾಳಿ ಯಾರು, ಯಾವ ವಾರ ಅನ್ನುವುದರ ಮೇಲೆ ಏರಿಳಿಯುತ್ತದೆ. ವಾರದ ನಡುವಿನ ಮಧ್ಯಾಹ್ನದ ಪಂದ್ಯ ಸಾಮಾನ್ಯವಾಗಿ ಅಗ್ಗ. ಬೇಸಿಗೆ ರಜೆಯ ಲಾಭ ಅದೇ ಅಲ್ವಾ? ನೀವೊಂದು ದಿನ ರಜೆ ಹಾಕಿದರೆ ಸಾಕು. ಟಿಕೆಟ್ ಫೋನಿನಲ್ಲೇ ಇರುತ್ತದೆ, ಹೊರಡುವಾಗ ಚಾರ್ಜ್ ಇರಲಿ. ಎಷ್ಟು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ ಅನ್ನುವುದು ಒಂದೊಂದು ತಂಡಕ್ಕೆ ಒಂದೊಂದು ಥರ, ಅದನ್ನೂ ನೋಡಿಕೊಳ್ಳಿ.

4. ಒರಾಕಲ್ ಪಾರ್ಕಿನ ದಿನ

ಚಿಕ್ಕ ಮೈದಾನದಲ್ಲಿ ಮಗುವಿಗೆ ರುಚಿ ಹತ್ತಿದ ಮೇಲೆ ಇಲ್ಲಿಗೆ ಬನ್ನಿ. ಕಾರು ಬೇಡ. ಕ್ಯಾಲ್‌ಟ್ರೇನ್ ಹತ್ತಿ ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಮೈದಾನ ಕೆಲವೇ ನಿಮಿಷದ ನಡಿಗೆ. 2024ರ ಸೆಪ್ಟೆಂಬರಿನಿಂದ ಹೊಸ ವಿದ್ಯುತ್ ರೈಲುಗಳು ಓಡುತ್ತಿವೆ. ಎಕ್ಸ್‌ಪ್ರೆಸ್ ಸ್ಯಾನ್ ಹೋಸೆಯಿಂದ ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ಶನಿವಾರ ಭಾನುವಾರ ಮಾತ್ರ ಎಲ್ಲ ಕಡೆ ನಿಲ್ಲುತ್ತಾ ಹೋಗುತ್ತದೆ. ಪಂದ್ಯದ ದಿನ ರೈಲಿನ ತುಂಬ ಕಿತ್ತಳೆ ಕಪ್ಪು ಅಂಗಿಗಳು. ನಾಲ್ಕು ವರ್ಷದವರಿಗೆ ಆ ರೈಲೇ ಅರ್ಧ ಪ್ರವಾಸ.

ಸ್ವೆಟರ್ ತೆಗೆದುಕೊಳ್ಳಿ. ಜುಲೈ ತಿಂಗಳು, ಸನ್ನಿವೇಲಿನಲ್ಲಿ ಮೈ ಸುಡುವ ಬಿಸಿಲು, ಸ್ವೆಟರ್ ಯಾಕೆ ಅನ್ನಬೇಡಿ. ಸ್ಯಾನ್ ಹೋಸೆಯಲ್ಲಿ 28 ಡಿಗ್ರಿ ಇರುವ ದಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 19 ಇರುವುದು ಮಾಮೂಲು. ಸಂಜೆ ಸಮುದ್ರದ ಗಾಳಿ ಮಂಜು ಹೊತ್ತು ತರುತ್ತದೆ. ರಾತ್ರಿ ಪಂದ್ಯಕ್ಕೆ ಮಗುವಿಗೆ ಟೋಪಿ, ಜಾಕೆಟ್, ಒಂದು ತೆಳು ಹೊದಿಕೆ ಬೇಕೇ ಬೇಕು. ಮಧ್ಯಾಹ್ನದ ಪಂದ್ಯಕ್ಕೆ ಇವುಗಳ ಜೊತೆ ಸನ್‌ಸ್ಕ್ರೀನ್ ಕೂಡ. ವಿಚಿತ್ರ ಊರು.

ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಮುಂಬಾಗಿಲ ಅಂಗಳದಲ್ಲಿ ವಿಲಿ ಮೇಸ್ ಪ್ರತಿಮೆ ಇದೆ. 2024ರ ಜೂನಿನಲ್ಲಿ ತೀರಿಕೊಂಡ ಈ ಆಟಗಾರನ ಅಂಗಿಯ ನಂಬರ್ 24. ಪ್ರತಿಮೆಯ ಸುತ್ತ 24 ತಾಳೆ ಜಾತಿಯ ಮರ, ಬಲಗಡೆಯ ಗೋಡೆಯ ಎತ್ತರ 24 ಅಡಿ, ಮೈದಾನದ ವಿಳಾಸವೂ 24. “ಇಪ್ಪತ್ನಾಲ್ಕು ಎಲ್ಲೆಲ್ಲಿದೆ ಹುಡುಕು” ಅಂತ ಬಿಟ್ಟುಬಿಡಿ. ಸ್ವಲ್ಪ ದೊಡ್ಡ ಮಗುವಾದರೆ 42ರ ಕಥೆಯನ್ನೂ ಹೇಳಿ. ಕಪ್ಪು ಜನರನ್ನು ಹೊರಗಿಟ್ಟಿದ್ದ ಮೇಜರ್ ಲೀಗಿಗೆ 1947ರಲ್ಲಿ ಕಾಲಿಟ್ಟ ಜಾಕಿ ರಾಬಿನ್‌ಸನ್ ನಂಬರ್ ಅದು. 1997ರಲ್ಲಿ ಎಲ್ಲ ತಂಡಗಳೂ ಆ ನಂಬರನ್ನು ಅವರ ಗೌರವಕ್ಕೆ ಎತ್ತಿಟ್ಟವು. ವರ್ಷಕ್ಕೊಂದು ದಿನ, ಏಪ್ರಿಲ್ 15ರಂದು, ಎಲ್ಲ ಆಟಗಾರರೂ 42 ಹಾಕುತ್ತಾರೆ.

ಒಳಗೆ ಎಡಗಡೆ ಗ್ಯಾಲರಿಯ ಹಿಂದೆ ಹಳೇ ಕಾಲದ ನಾಲ್ಕು ಬೆರಳಿನ ದೈತ್ಯ ಗ್ಲೌಸ್, ಪಕ್ಕದಲ್ಲಿ ಜಾರುಬಂಡೆ. ಮಧ್ಯದ ಗೋಡೆಯ ಹಿಂದೆ ತರಕಾರಿ ತೋಟವೂ ಇದೆ. ಪಂದ್ಯ ಶುರುವಾಗುವ ಮೊದಲೇ ಜಾರುಬಂಡೆ ಮುಗಿಸಿ, ಆಮೇಲೆ ಸಾಲು ಬೆಳೆಯುತ್ತದೆ. ಮೂರು ಇನಿಂಗ್ಸ್ ಕೂರಿ, ಒಂದು ಸುತ್ತು ತಿರುಗಾಡಿ, ಮತ್ತೆ ಕೂರಿ. ಏಳನೇ ಇನಿಂಗ್ಸಿನ ನಡುವೆ ಇಡೀ ಮೈದಾನ ಎದ್ದು ನಿಂತು ಹಾಡುತ್ತದೆ. ಮಗು ಅಲ್ಲಿಯವರೆಗೆ ತಡೆದುಕೊಂಡರೆ ಹಾಡು ಮುಗಿಸಿಯೇ ಹೊರಡಿ. ಆಗ ಹೊರಟವರಿಗೆ ರೈಲಿನಲ್ಲಿ ಸೀಟೂ ಸಿಗುತ್ತದೆ.

ಮಗು ಕೂರುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದವರಿಗೆ ಇಲ್ಲಿ ಪುಕ್ಕಟೆ ಪರೀಕ್ಷೆಯೂ ಉಂಟು. ಬಲಗಡೆ ಗೋಡೆಯ ಆಚೆ, ನೀರಿನ ಪಕ್ಕದ ಕಾಲುದಾರಿಯಲ್ಲಿ ಕಮಾನುಗಳಿವೆ. ಅಲ್ಲಿ ನಿಂತು ಜಾಲರಿ ಮೂಲಕ ಟಿಕೆಟ್ ಇಲ್ಲದೆ ಸ್ವಲ್ಪ ಹೊತ್ತು ಪಂದ್ಯ ನೋಡಬಹುದು. ಬೆನ್ನ ಹಿಂದೆ ಕೊಲ್ಲಿ. ಗೋಡೆ ದಾಟಿ ಹಾರಿದ ಹೋಮ್ ರನ್ (ನಮ್ಮ ಸಿಕ್ಸರ್ ಥರ) ನೀರಿಗೆ ಬಿದ್ದರೆ ಹಿಡಿಯಲು ಅಲ್ಲಿ ಕಯಾಕ್‌ನಲ್ಲಿ ತೇಲುತ್ತಾ ಕಾಯುವವರನ್ನು ನೋಡುವುದೇ ಒಂದು ಮಜಾ.

5. ಬುತ್ತಿ

ಒರಾಕಲ್ ಪಾರ್ಕಿಗೆ ಮನೆಯ ತಿಂಡಿ ಒಯ್ಯಬಹುದು. ಗಾಜು, ಡಬ್ಬಿ ಪಾನೀಯ ಬಿಡುವುದಿಲ್ಲ. ಸೀಲ್ ಒಡೆಯದ ಪ್ಲಾಸ್ಟಿಕ್ ನೀರಿನ ಬಾಟಲಿ ಸರಿ. ಬ್ಯಾಗಿನ ಅಳತೆಗೂ ಮಿತಿ ಇದೆ. ಚಿಕ್ಕ ಲೀಗಿನ ಮೈದಾನಗಳ ನಿಯಮ ಬೇರೆ ಇರಬಹುದು, ಹೊರಡುವ ಮೊದಲು ನೋಡಿ. ತೊಡೆಯ ಮೇಲಿಟ್ಟು ಚಮಚವಿಲ್ಲದೆ ತಿನ್ನುವಂಥದ್ದು ತನ್ನಿ: ಪಲ್ಯ ಸುತ್ತಿದ ಚಪಾತಿ, ತಟ್ಟೆ ಇಡ್ಲಿಗೆ ಚಟ್ನಿಪುಡಿ ಸವರಿದ್ದು, ನಿಪ್ಪಟ್ಟು, ಕೋಡುಬಳೆ. ಸಾರು ಗೀರು ಬೇಡ.

ಆದರೆ ಪೂರ್ತಿ ಮನೆಯದ್ದೇ ತಿನ್ನಿಸಬೇಡಿ. ಬೆಳ್ಳುಳ್ಳಿ ಸುರಿದ ಫ್ರೈಸ್ ಇಲ್ಲಿಯ ವಿಶೇಷ, ಸಸ್ಯಾಹಾರಿಗಳಿಗೂ ಸೈ. ಪುಟ್ಟ ಪ್ಲಾಸ್ಟಿಕ್ ಹೆಲ್ಮೆಟ್ಟಿನಲ್ಲಿ ಹಾಕಿಕೊಡುವ ಐಸ್‌ಕ್ರೀಮ್ ಒಂದು ಕೊಡಿಸಿ. ಆ ಹೆಲ್ಮೆಟ್ ಮನೆಯಲ್ಲಿ ವರ್ಷಗಟ್ಟಲೆ ಗೊಂಬೆಯ ತಲೆಯ ಮೇಲಿರುತ್ತದೆ. ಇನ್ನು ಸಿಪ್ಪೆಯ ಕಡಲೆಕಾಯಿ! ಹುರಿದು ಉಪ್ಪು ಹಾಕಿದ್ದು. ಸಿಪ್ಪೆ ಕಾಲ ಕೆಳಗೇ ಹಾಕಿದರೂ ಯಾರೂ ಏನೂ ಅನ್ನುವುದಿಲ್ಲ. ಬಸವನಗುಡಿ ಪರಿಷೆಯಲ್ಲಿ ಓಡಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಕ್ಕಪಕ್ಕದ ಮಗುವಿಗೆ ಕಡಲೆಕಾಯಿ ಅಲರ್ಜಿ ಇದೆಯಾ ಅಂತ ಒಂದು ಮಾತು ಕೇಳಿ ಸಿಪ್ಪೆ ಬಿಡಿಸಿ.

ಕ್ಯಾಶ್ ನಡೆಯದ ಮೈದಾನಗಳೇ ಜಾಸ್ತಿ, ಕಾರ್ಡ್ ಇರಲಿ.

6. ಸ್ಕೋರ್ ಬರೆಯುವುದು ಕಲಿಸಿ

ಏಳು ವರ್ಷ ದಾಟಿದ ಮಗುವನ್ನು ಆಟದೊಳಗೆ ಎಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಒಂದು ಗಟ್ಟಿ ರಟ್ಟು, ರಬ್ಬರ್ ಇರುವ ಪೆನ್ಸಿಲ್, ಮನೆಯಲ್ಲೇ ಪ್ರಿಂಟ್ ತೆಗೆದ ಸ್ಕೋರ್ ಹಾಳೆ. ಸಾಕು.

ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ನಂಬರ್ ಇದೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡು ಮತ್ತು ಮೂರರ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹಿಂದೆ ಎಡದಿಂದ ಬಲಕ್ಕೆ 7, 8, 9. ಇದು ಅಂಗಿಯ ಮೇಲಿನ ನಂಬರ್ ಅಲ್ಲ, ಜಾಗದ ನಂಬರ್. ಹಾಳೆಯಲ್ಲಿ ಒಬ್ಬೊಬ್ಬ ಬ್ಯಾಟರ್‌ಗೆ ಒಂದು ಸಾಲು, ಒಂದೊಂದು ಇನಿಂಗ್ಸಿಗೆ ಒಂದು ಚೌಕ, ಚೌಕದೊಳಗೆ ಪುಟ್ಟ ವಜ್ರಾಕಾರ. ಬ್ಯಾಟರ್ ಮೊದಲ ಬೇಸ್ ಮುಟ್ಟಿದರೆ ವಜ್ರದ ಒಂದು ಬದಿ ಗೀಚಿ. ಎರಡನೆಯದಕ್ಕೆ ಹೋದರೆ ಇನ್ನೊಂದು ಬದಿ. ಸುತ್ತಿ ಮನೆಗೆ ಬಂದರೆ ಇಡೀ ವಜ್ರಕ್ಕೆ ಪೆನ್ಸಿಲಿನಿಂದ ಬಣ್ಣ ತುಂಬಿ. ಬಣ್ಣ ತುಂಬುವ ಕೆಲಸ ಮಗುವಿಗೇ ಬಿಡಿ.

ಈಗ ಒಂದು ಹೊಡೆತ ನೋಡೋಣ. ಮೊದಲ ಬೇಸಿನಲ್ಲಿ ಒಬ್ಬ ನಿಂತಿದ್ದಾನೆ. ಬ್ಯಾಟರ್ ಹೊಡೆದ ಚೆಂಡು ನೆಲ ಸವರಿಕೊಂಡು ಶಾರ್ಟ್‌ಸ್ಟಾಪ್ ಕಡೆ ಹೋಯಿತು. ಅವನು ಬಗ್ಗಿ ಎತ್ತಿ ಎರಡನೇ ಬೇಸಿನವನಿಗೆ ಕೊಟ್ಟ. ಓಡಿ ಬರುತ್ತಿದ್ದವನು ಔಟ್. ಎರಡನೇ ಬೇಸಿನವನು ಅಲ್ಲಿಂದಲೇ ತಿರುಗಿ ಮೊದಲ ಬೇಸಿಗೆ ಎಸೆದ. ಬ್ಯಾಟರೂ ಔಟ್. ಹಾಳೆಯಲ್ಲಿ ಬರೆಯುವುದು ಇಷ್ಟೇ: 6-4-3. ನಾಲ್ಕೈದು ಸೆಕೆಂಡಿನ ಗಡಿಬಿಡಿ ಮೂರು ಅಂಕಿಯಲ್ಲಿ ಕೂತಿತು. ಮುಂದಿನ ಸಲ ಹಾಗಾದಾಗ ಮಗುವೇ “ಅಮ್ಮಾ, ಸಿಕ್ಸ್ ಫೋರ್ ತ್ರೀ!” ಅಂತ ಕೂಗುತ್ತದೆ. ಹಿಂದಿನ ಸಾಲಿನ ಅಜ್ಜ ತಿರುಗಿ ನೋಡಿ ನಗುತ್ತಾರೆ. ಬೇಸ್‌ಬಾಲಿನಲ್ಲಿ ಸ್ಕೋರ್ ಬರೆಯುವ ಮಗುವನ್ನು ಕಂಡರೆ ಹಿರಿಯರಿಗೆ ಬಲು ಪ್ರೀತಿ.

ಸ್ಟ್ರೈಕ್ ಔಟ್ ಆದರೆ ಇಂಗ್ಲಿಷಿನ ‘ಕೆ’ ಅಕ್ಷರ. ಬ್ಯಾಟೇ ಬೀಸದೆ ನಿಂತು ಔಟಾದರೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಐದಾರು ವರ್ಷದವರಿಗೆ ಇಡೀ ಹಾಳೆ ಬೇಡ, ಈ ‘ಕೆ’ಗಳನ್ನು ಎಣಿಸಿದರೆ ಸಾಕು.

7. ಪಾರ್ಕಿನಲ್ಲಿ ಕ್ಯಾಚ್

ಪಂದ್ಯ ನೋಡಿದ ಮಾರನೇ ದಿನ ಮಗು ತಾನೇ ಆಡಬೇಕು ಅನ್ನುತ್ತದೆ. ಗ್ಲೌಸ್ ಎಸೆಯದ ಕೈಗೆ. ಬಲಗೈಯವರಿಗೆ ಎಡಗೈ. ಬಹಳ ಜನ ಇದನ್ನೇ ತಿರುವುಮುರುವು ಕೊಳ್ಳುತ್ತಾರೆ. ಏಳೆಂಟು ವರ್ಷದೊಳಗಿನವರಿಗೆ ಹತ್ತು ಇಂಚಿನ ಆಸುಪಾಸಿನ ಮೆತ್ತನೆಯ ಗ್ಲೌಸ್ ಸರಿ. ‘ಬೆಳೀತಾನೆ ಬಿಡು’ ಅಂತ ದೊಡ್ಡದು ಕೊಂಡರೆ ಕೈಯಲ್ಲಿ ನಿಲ್ಲುವುದಿಲ್ಲ. ಹೊಸ ಗ್ಲೌಸ್ ಬಿಗಿಯಾಗಿರುತ್ತದೆ. ರಾತ್ರಿ ಅದರೊಳಗೆ ಚೆಂಡಿಟ್ಟು ಹಗ್ಗ ಸುತ್ತಿಡಿ. ಚೆಂಡು ಗಟ್ಟಿಯದ್ದು ಬೇಡ, ಮಕ್ಕಳಿಗೆಂದೇ ಮಾರುವ ಮೆತ್ತನೆಯದ್ದು ತನ್ನಿ. ಎರಡು ಬೆರಳು ಹೊಲಿಗೆಗೆ ಅಡ್ಡಲಾಗಿ, ಹೆಬ್ಬೆರಳು ಕೆಳಗೆ. ಐದು ಹೆಜ್ಜೆ ದೂರದಿಂದ ಶುರು ಮಾಡಿ. ಸೊಂಟದ ಮೇಲೆ ಬಂದರೆ ಗ್ಲೌಸಿನ ಬೆರಳು ಆಕಾಶಕ್ಕೆ, ಕೆಳಗೆ ಬಂದರೆ ನೆಲಕ್ಕೆ. ನಮ್ಮ ಕ್ರಿಕೆಟ್ ಅಭ್ಯಾಸದಲ್ಲಿ ಎರಡು ಕೈ ಜೋಡಿಸಿ ಹಿಡಿಯಲು ಹೋಗಬೇಡಿ. ಗ್ಲೌಸ್ ಹಿಡಿಯಲಿ, ಇನ್ನೊಂದು ಕೈ ಮುಚ್ಚಳವಾಗಲಿ.

ಕ್ರಿಕೆಟ್ ಬಿಟ್ಟುಕೊಟ್ಟ ಬೇಸರ ಬೇಡ. ಓಕ್‌ಲ್ಯಾಂಡಿನ ಬೇಸ್‌ಬಾಲ್ ತಂಡ 2024ರ ಕೊನೆಗೆ ಊರು ಬಿಟ್ಟಿತು. ಮಾರನೇ ಬೇಸಿಗೆ ಅದು ಆಡುತ್ತಿದ್ದ ಕೊಲಿಸಿಯಮ್ ಮೈದಾನದಲ್ಲೇ ಮೇಜರ್ ಲೀಗ್ ಕ್ರಿಕೆಟ್ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ಯುನಿಕಾರ್ನ್ಸ್ ಪರ ಫಿನ್ ಆಲೆನ್ 51 ಚೆಂಡಿಗೆ 151 ಚಚ್ಚಿದ್ದು ಅಲ್ಲೇ, 19 ಸಿಕ್ಸರ್ ಸಮೇತ.

8. ಪಂದ್ಯವಿಲ್ಲದ ದಿನ: ಕಾಡು, ಕೆರೆ

ಜೈಂಟ್ಸ್ ಹೊರ ಊರಿಗೆ ಹೋದ ವಾರ ನೀವೂ ಹೊರಗೆ ಹೋಗಿ. ಚಿಕ್ಕವರಿಗೆ ಲಾಸ್ ಗ್ಯಾಟೋಸಿನ ವಸೋನಾ ಕೆರೆ ಸುಲಭ. ಹುಲ್ಲು, ಬಾತುಕೋಳಿ, ಪಕ್ಕದಲ್ಲೇ ಮಕ್ಕಳ ಪುಟಾಣಿ ರೈಲು.

ಒಂದೇ ಒಂದು ಕಡೆ ಹೋಗುವುದಾದರೆ ಫೆಲ್ಟನ್‌ನ ಹೆನ್ರಿ ಕೋವೆಲ್ ರೆಡ್‌ವುಡ್ ಕಾಡಿಗೆ ಹೋಗಿ. ಅಲ್ಲಿಯ ಹಳೇ ಮರಗಳ ಸುತ್ತು ದಾರಿ ಒಂದು ಮೈಲಿಯೂ ಇಲ್ಲ, ಸಮತಟ್ಟು, ಸ್ಟ್ರಾಲರ್ ಹೋಗುತ್ತದೆ. ಸಾವಿರ ವರ್ಷ ದಾಟಿದ ಮರಗಳಿವೆ. ಒಂದು ಮರದ ಬುಡ ಪೊಳ್ಳು, ಮಕ್ಕಳು ಒಳಗೆ ನುಸುಳಿ ನಿಲ್ಲಬಹುದು. ಬೇಸಿಗೆಯಲ್ಲೂ ಅಲ್ಲಿ ತಂಪು. ನೆಲ ಒದ್ದೆ ಇರುವ ಕಡೆ ಮಗುವನ್ನು ಕುಕ್ಕರಗಾಲಲ್ಲಿ ಕೂರಿಸಿ ಹುಡುಕಲು ಹೇಳಿ. ಬಾಳೆಹಣ್ಣಿನ ಬಣ್ಣದ, ಬೆರಳುದ್ದದ ಬನಾನಾ ಸ್ಲಗ್ ಲೋಳೆ ಬಿಡುತ್ತಾ ಸಾಗುವುದು ಕಾಣಬಹುದು. ಸಿಕ್ಕರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ, ಅವಸರ ಮಾಡಬೇಡಿ. ಮುಟ್ಟುವುದು ಮಾತ್ರ ಬೇಡ.

ಕಾಡಿನಲ್ಲಿ ಎರಡು ಎಚ್ಚರ. ಮೂರು ಮೂರು ಎಲೆ ಒಟ್ಟಿಗಿರುವ, ಕೆಲವೊಮ್ಮೆ ಕೆಂಪಾಗಿ ಹೊಳೆಯುವ ಪಾಯ್ಸನ್ ಓಕ್ ಗಿಡ ದಾರಿಯ ಅಂಚಿನಲ್ಲೇ ಇರುತ್ತದೆ. ಅದರ ಎಣ್ಣೆ ತಾಗಿದರೆ ದಿನಗಟ್ಟಲೆ ತುರಿಕೆ. ತಾಗಿದ ಅನುಮಾನ ಬಂದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ ಒಗೆಯಿರಿ. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಕಿವಿಯ ಹಿಂದೆ, ಮೊಣಕಾಲಿನ ಹಿಂದೆ, ಸೊಂಟದ ಹತ್ತಿರ ಉಣ್ಣೆ ಹುಳ (ಟಿಕ್) ಕಚ್ಚಿದೆಯಾ ನೋಡಿ.

ಆಗಸ್ಟ್ ನಂತರ ಕಾಳ್ಗಿಚ್ಚಿನ ಹೊಗೆ ಬರಬಹುದು. ಬೆಳಗ್ಗೆ ಏರ್‌ನೌ ಆ್ಯಪ್ ತೆಗೆದು ಗಾಳಿಯ ಗುಣಮಟ್ಟದ ಅಂಕಿ (ಎಕ್ಯುಐ) ನೋಡಿ. 100 ದಾಟಿದರೆ ಮಕ್ಕಳ ಓಟ ಆಟ ಕಡಿಮೆ ಮಾಡಿ. 150 ದಾಟಿದರೆ ಬುತ್ತಿ ಬಿಚ್ಚಿ ಮನೆಯಲ್ಲೇ ತಿನ್ನಿ. ಆ ದಿನ ಪಂದ್ಯದ ಟಿಕೆಟ್ ಇದ್ದರೂ ಅಷ್ಟೇ.

ರಾಜ್ಯದ ಪಾರ್ಕುಗಳಿಗೆ ಪಾರ್ಕಿಂಗ್ ಫೀಸು ಇರುತ್ತದೆ. ಹೊರಡುವ ಮೊದಲು ನಿಮ್ಮ ಊರಿನ ಲೈಬ್ರರಿಯಲ್ಲಿ ವಿಚಾರಿಸಿ, ಪುಸ್ತಕದ ಹಾಗೆ ಪಾರ್ಕ್ ಪಾಸನ್ನೂ ಎರವಲು ಕೊಡುವ ಲೈಬ್ರರಿಗಳಿವೆ. ಮಗು ನಾಲ್ಕನೇ ಕ್ಲಾಸಿನಲ್ಲಿದ್ದರೆ ಎವ್ರಿ ಕಿಡ್ ಔಟ್‌ಡೋರ್ಸ್ ಪಾಸ್ ಮರೆಯಬೇಡಿ. ಅದಿದ್ದರೆ ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನಗಳಿಗೆ ಕಾರಿನಲ್ಲಿರುವವರಿಗೆಲ್ಲ ಪ್ರವೇಶ ಉಚಿತ. ಅವಧಿ ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರವರೆಗೆ. ಅಂದರೆ ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯೂ ಅದರೊಳಗೇ ಬರುತ್ತದೆ. ಪಾಸನ್ನು ಯಾವ ರೂಪದಲ್ಲಿ ತೋರಿಸಬೇಕು ಅಂತ ಹೊರಡುವ ಮೊದಲು ನೋಡಿಕೊಳ್ಳಿ.